ಕಾಫಿ ಪುಡಿ ಮಾರುವ ಪುಟದಲ್ಲಿ ಕೀವರ್ಡ್ ಎಲ್ಲಿ, ಎಷ್ಟು, ಹೇಗೆ ಬಳಸಬೇಕು?

ಗಿರಿಸಾಲು (ಚಿಕ್ಕಮಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು, ಪುಡಿ ಮಾಡಿ ಮಾರುವ ಅಂಗಡಿಯೊಂದರ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಮುಖಪುಟ, ‘ನಮ್ಮ ಕಾಫಿ’, ಸಂಪರ್ಕ ಅಂತ ಮೂರೇ ಪುಟ ಇವೆ. ಅಂಗಡಿಯ ಹೆಸರು ಹಾಕಿ ಹುಡುಕಿದರೆ ಮೊದಲೇ ಸಿಗುತ್ತದೆ. ಬೇರೆ ಯಾವ ಪದ ಹಾಕಿದರೂ ಸುಳಿವೇ ಇಲ್ಲ.

‘ನಮ್ಮ ಕಾಫಿ’ ಪುಟ ಸುಮಾರು 600 ಪದಗಳದ್ದು. ಅದರಲ್ಲಿ ‘ಚಿಕ್ಕಮಗಳೂರು ಕಾಫಿ ಪುಡಿ’ ಅನ್ನುವುದು ನಲವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಪುಟದ ಬುಡದಲ್ಲಿ ಕಡೂರು, ತರೀಕೆರೆ, ಮೂಡಿಗೆರೆ, ಬೇಲೂರು, ಹಾಸನ, ಸಕಲೇಶಪುರ, ಬೆಂಗಳೂರು ಅಂತ ಊರುಗಳ ಪಟ್ಟಿ ಇದೆ, ಆದರೆ ಹಿನ್ನೆಲೆಯ ಬಣ್ಣವೇ ಅಕ್ಷರಕ್ಕೂ ಇರುವುದರಿಂದ ನೋಡುವವರಿಗೆ ಕಾಣುವುದಿಲ್ಲ. ದರಪಟ್ಟಿ ಒಂದು ಚಿತ್ರ, ವಾಟ್ಸ್ಆ್ಯಪ್‌ಗೆ ಮಾಡಿದ ಪೋಸ್ಟರನ್ನೇ ಹಾಕಿದ್ದಾರೆ. ಕನ್ನಡದ ಪರಿಚಯ ಭಾಗ ಕರಪತ್ರಕ್ಕಾಗಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಅದನ್ನು ಹಾಗೇ ಅಂಟಿಸಿ, ಅದಕ್ಕೊಂದು ಫಾಂಟ್ ಜೋಡಿಸಿದ್ದಾರೆ.

ಮಾರುವುದು ನಾಲ್ಕು ಬಗೆ: ಚಿಕೋರಿ (ಕಾಫಿಗೆ ಬೆರೆಸುವ ಬೇರಿನ ಪುಡಿ) ಇಲ್ಲದ ಅರೇಬಿಕಾ, ಪೀಬೆರಿ (ಹಣ್ಣಿನಲ್ಲಿ ಒಂದೇ ಬೀಜ ಇರುವುದು), ಚಿಕೋರಿ ಬೆರೆತ 80:20 ಮತ್ತು 60:40 (ಮೊದಲ ಅಂಕಿ ಕಾಫಿ). ಒಂದು ಪದವನ್ನು ನೂರಕ್ಕೆ ಎಷ್ಟು ಸಲ ಬಳಸಬೇಕು? ಯಾವ ಜಾಗದಲ್ಲಿ ಇರಬೇಕು? ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೀವರ್ಡ್, ಅಂದರೆ ಜನ ಹುಡುಕಲು ಟೈಪ್ ಮಾಡುವ ಪದ, ಹಾಕಬೇಕಾ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಪದಶೋಧ ಉತ್ತರ:

ಮೊದಲು ಆ ಕಾಣದ ಊರಪಟ್ಟಿಯನ್ನು ತೆಗೆಯಿರಿ, ಮಿಕ್ಕಿದ್ದೆಲ್ಲ ಆಮೇಲೆ. ಓದುವವರಿಗೆ ಕಾಣದ ಹಾಗೆ ಸರ್ಚ್ ಎಂಜಿನ್‌ಗೆ ಮಾತ್ರ ಪದ ತುಂಬುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ನೇರ ವಿರುದ್ಧ. ತೆಗೆದ ನಂತರ ಗೂಗಲ್ ತಾಣದ ಮಾಲೀಕರಿಗೆ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನ್ಯುಯಲ್ ಆಕ್ಷನ್ಸ್’ ತೆರೆದು ನೋಡಿ, ಗೂಗಲ್ ದಂಡ ಹಾಕಿದ್ದರೆ ಅಲ್ಲಿ ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ತೆಗೆದದ್ದೇ ಸಾಕು. ನೋಟಿಸ್ ಇದ್ದರೆ ಪುಟ ಸರಿಪಡಿಸಿ, ಏನೇನು ತೆಗೆದಿರಿ ಅಂತ ಬರೆದು ಅಲ್ಲಿಂದಲೇ ಮರುಪರಿಶೀಲನೆಗೆ ಕೋರಿಕೆ ಕಳಿಸಬೇಕು.

ನೂರಕ್ಕೆ ಎಷ್ಟು ಅನ್ನುವ ಲೆಕ್ಕ ಇಲ್ಲ. ಶೇ 2, ಶೇ 3 ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಗೂಗಲ್ ಅಂಥ ಯಾವ ಪ್ರಮಾಣವನ್ನೂ ಹೇಳಿಲ್ಲ. ಗೂಗಲ್ ತನ್ನ ಹುಡುಕಾಟದ ವ್ಯವಸ್ಥೆಗೆ ತಂದ ಬದಲಾವಣೆಗಳಾದ 2013ರ ಹಮ್ಮಿಂಗ್‌ಬರ್ಡ್, 2015ರ ರ್‍ಯಾಂಕ್‌ಬ್ರೇನ್, 2019ರ ಬರ್ಟ್ ಇವೆಲ್ಲ ಬಂದದ್ದೇ ಬಿಡಿ ಪದವನ್ನು ಎಣಿಸುವ ಬದಲು ಹುಡುಕಾಟದ ಅರ್ಥ ಹಿಡಿಯುವುದಕ್ಕೆ. ಪುಟವನ್ನು ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಪದ ಹೆಚ್ಚಾಗಿದೆ. 600 ಪದದಲ್ಲಿ ನಲವತ್ತು ಸಲ ಅಂದರೆ ಪ್ರತಿ ಹದಿನೈದು ಪದಕ್ಕೊಮ್ಮೆ. ಯಾವ ಗ್ರಾಹಕನೂ ಅದನ್ನು ಕೊನೆಯವರೆಗೆ ಓದುವುದಿಲ್ಲ.

ನಿಮ್ಮ ನಿಜವಾದ ತೊಂದರೆ ಎಣಿಕೆಯದ್ದಲ್ಲ. ಒಂದೇ ಪುಟ ಹತ್ತು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡಲು ಹೊರಟು ಯಾವುದಕ್ಕೂ ನೆಟ್ಟಗೆ ಕೊಡುತ್ತಿಲ್ಲ. ಕೀವರ್ಡ್ ಅಂದರೆ ಯಾರೋ ಒಬ್ಬರ ಪ್ರಶ್ನೆ. ಅವರು ಯಾರು ಅಂತ ಮೊದಲು ತಿಳಿಯಬೇಕು.

ನಮ್ಮ ಜಿಲ್ಲೆಯಲ್ಲಿ ಇದು ಬಹಳ ಮುಖ್ಯ. ‘ಚಿಕ್ಕಮಗಳೂರು ಕಾಫಿ ದರ’, ‘ಇಂದಿನ ಕಾಫಿ ಬೆಲೆ’ ಅಂತ ಹುಡುಕುವವರು ಬೆಳೆಗಾರರು. ಅವರಿಗೆ ಬೇಕಾದದ್ದು ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿಗೆ 50 ಕೆಜಿ ಚೀಲಕ್ಕೆ ಇವತ್ತು ಎಷ್ಟು ಅನ್ನುವುದು. ನಿಮ್ಮ ಪುಡಿಯ ಪುಟ ಅವರಿಗೆ ಕಂಡರೂ ಪ್ರಯೋಜನವಿಲ್ಲ. ‘ಚಿಕ್ಕಮಗಳೂರು ಕಾಫಿ ಎಸ್ಟೇಟ್’ ಅಂತ ಹುಡುಕುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ವಾರಾಂತ್ಯಕ್ಕೆ ಹೋಂಸ್ಟೇ. ‘ಫಿಲ್ಟರ್ ಕಾಫಿ ಪುಡಿ 1 ಕೆಜಿ ಬೆಲೆ’, ‘ಚಿಕೋರಿ ಇಲ್ಲದ ಕಾಫಿ ಪುಡಿ’ ಅನ್ನುವವರು ಮಾತ್ರ ನಿಮ್ಮ ಗಿರಾಕಿಗಳು. ಮೂರರಲ್ಲೂ ಕಾಫಿ ಇದೆ, ಎರಡರಲ್ಲಿ ಊರೂ ಇದೆ, ಮೂವರೂ ಬೇರೆ ಜನ.

ಇದನ್ನು ಪತ್ತೆ ಮಾಡಲು ದುಡ್ಡು ಕೊಡುವ ಉಪಕರಣ ಬೇಡ. ಮೊಬೈಲ್‌ನಲ್ಲಿ ಇನ್‌ಕಾಗ್ನಿಟೊ ವಿಂಡೋ ತೆರೆದು ಆ ಪದವನ್ನು ಗೂಗಲ್‌ಗೆ ಹಾಕಿ. ಮೊದಲ ಹತ್ತು ಫಲಿತಾಂಶದಲ್ಲಿ ಏನಿದೆ ನೋಡಿ. ಎಲ್ಲವೂ ಮಾರುಕಟ್ಟೆ ದರದ ಸುದ್ದಿಯಾದರೆ ಆ ಪದ ಬಿಡಿ. ಮಾರಾಟದ ಪುಟಗಳಾದರೆ ಆ ಪದ ನಿಮ್ಮದು. ಟೈಪ್ ಮಾಡುವಾಗ ಕೆಳಗೆ ಬರುವ ಸಲಹೆಗಳು, ಫಲಿತಾಂಶದ ನಡುವೆ ‘ಜನರು ಇದನ್ನೂ ಕೇಳುತ್ತಾರೆ’ ಅಂತ ಬರುವ ಪ್ರಶ್ನೆಗಳು ಎಲ್ಲವನ್ನೂ ಒಂದು ಶೀಟಿನಲ್ಲಿ ಬರೆದುಕೊಳ್ಳಿ. ಅಂಗಡಿಯ ಕೌಂಟರ್‌ನಲ್ಲಿ ಇರುವವರನ್ನೂ ಕೇಳಿ. ಗಿರಾಕಿ ಫೋನಿನಲ್ಲಿ ಯಾವ ಮಾತಿನಲ್ಲಿ ಕೇಳುತ್ತಾರೋ ಹುಡುಕುವುದೂ ಹೆಚ್ಚುಕಡಿಮೆ ಅದೇ ಮಾತಿನಲ್ಲಿ. ಗೂಗಲ್ ಕೀವರ್ಡ್ ಪ್ಲಾನರ್ ಕೂಡ ಇದೆ. ಅದಕ್ಕೆ ಜಾಹೀರಾತು ಖಾತೆ ಬೇಕು, ಜಾಹೀರಾತಿಗೆ ಖರ್ಚು ಮಾಡದವರಿಗೆ ಅದು ಸಾಮಾನ್ಯವಾಗಿ ನಿಖರ ಸಂಖ್ಯೆಯ ಬದಲು ‘100ರಿಂದ 1000’ ಅಂಥ ಅಂದಾಜನ್ನೇ ಕೊಡುತ್ತದೆ. ಕನ್ನಡ ಪದಗಳಿಗೆ ಎಷ್ಟೋ ಸಲ ಏನನ್ನೂ ತೋರಿಸುವುದಿಲ್ಲ. ತೋರಿಸಲಿಲ್ಲ ಅಂದ ಮಾತ್ರಕ್ಕೆ ಯಾರೂ ಹುಡುಕುತ್ತಿಲ್ಲ ಅಂತ ತಿಳಿಯಬೇಡಿ.

ಶೀಟು ತುಂಬಿದ ಮೇಲೆ ಒಂದೇ ಉತ್ತರ ಬೇಡುವ ಪದಗಳನ್ನೆಲ್ಲ ಒಂದು ಗುಂಪಿಗೆ ಹಾಕಿ. ‘ಚಿಕೋರಿ ಇಲ್ಲದ ಕಾಫಿ ಪುಡಿ’, ‘ಶುದ್ಧ ಕಾಫಿ ಪುಡಿ’, ‘100% ಕಾಫಿ ಪುಡಿ’ ಮೂರೂ ಒಂದೇ ಗುಂಪು, ಒಂದೇ ಪುಟ. ಮೂರಕ್ಕೆ ಮೂರು ಪುಟ ಮಾಡಿದರೆ ನಿಮ್ಮ ಪುಟಗಳೇ ಒಂದನ್ನೊಂದು ಕೆಳಗೆ ತಳ್ಳುತ್ತವೆ. ನಿಮಗೆ ನಾಲ್ಕು ಬಗೆಯ ಪುಡಿಗೆ ನಾಲ್ಕು ಪುಟ, ‘ಯಾವ ಪುಡಿ ಆರಿಸಬೇಕು’ ಅನ್ನುವವರಿಗೆ ಒಂದು ವಿವರಣೆಯ ಪುಟ ಸಾಕು.

ಈಗ ಜಾಗಗಳು. ಚಿಕೋರಿ ಇಲ್ಲದ ಅರೇಬಿಕಾ ಪುಟವನ್ನೇ ತೆಗೆದುಕೊಳ್ಳೋಣ.

ಟೈಟಲ್ ಟ್ಯಾಗ್ (ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ): ‘ಚಿಕೋರಿ ಇಲ್ಲದ ಅರೇಬಿಕಾ ಫಿಲ್ಟರ್ ಕಾಫಿ ಪುಡಿ | ಅಂಗಡಿಯ ಹೆಸರು, ಚಿಕ್ಕಮಗಳೂರು’. ಮುಖ್ಯ ಮಾತು ಮೊದಲು, ಅಂಗಡಿ ಆಮೇಲೆ. ಇಷ್ಟೇ ಅಕ್ಷರ ಇರಬೇಕು ಅನ್ನುವ ನಿಯಮವಿಲ್ಲ. ಪರದೆಯ ಅಗಲ ಮೀರಿದರೆ ಗೂಗಲ್ ತುದಿ ಕತ್ತರಿಸುತ್ತದೆ, ಕನ್ನಡ ಅಕ್ಷರ ಅಗಲ ಜಾಸ್ತಿ ಹಿಡಿಯುವುದರಿಂದ ಬೇಗ ಕತ್ತರಿಸುತ್ತದೆ. ಟೈಟಲ್‌ನಲ್ಲಿ ‘ಕಾಫಿ, ಕಾಫಿ ಪುಡಿ, ಬೆಸ್ಟ್ ಕಾಫಿ, ಚಿಕ್ಕಮಗಳೂರು ಕಾಫಿ’ ಅಂತ ಪೋಣಿಸಿದರೆ ಗೂಗಲ್ ಅದನ್ನು ಬಿಟ್ಟು ತಾನೇ ಬೇರೆ ಶೀರ್ಷಿಕೆ ಹಾಕುವುದುಂಟು.

ಎಚ್1, ಅಂದರೆ ಪುಟದೊಳಗಿನ ದೊಡ್ಡ ಶೀರ್ಷಿಕೆಯಲ್ಲಿ ಅದೇ ವಿಷಯ ಸ್ವಲ್ಪ ಬೇರೆ ಮಾತಿನಲ್ಲಿ ಇರಲಿ. ಮೊದಲ ಪ್ಯಾರಾದಲ್ಲಿ ಪೀಠಿಕೆ ಬೇಡ, ನೇರ ವಿಷಯ: ‘ಚಿಕೋರಿ ಬೆರೆಸದ ಅರೇಬಿಕಾ ಕಾಫಿ ಪುಡಿ. ಮಧ್ಯಮ ಹುರಿತ, ಸ್ಟೀಲ್ ಫಿಲ್ಟರ್‌ಗೆ ಹೊಂದುವ ಹದದಲ್ಲಿ ಬೀಸಿದ್ದು. 250 ಗ್ರಾಂ, 500 ಗ್ರಾಂ, 1 ಕೆಜಿ ಪೊಟ್ಟಣಗಳಲ್ಲಿ ಸಿಗುತ್ತದೆ.’ ಈ ಮೂರು ವಾಕ್ಯದಲ್ಲಿ ಹತ್ತಾರು ಹುಡುಕಾಟದ ಪದ ತಾವಾಗಿಯೇ ಬಂದವು, ಯಾವುದನ್ನೂ ತುರುಕಲಿಲ್ಲ.

ಉಪಶೀರ್ಷಿಕೆಗಳು ಗಿರಾಕಿಯ ಪ್ರಶ್ನೆಗಳಾಗಲಿ: ಫಿಲ್ಟರ್‌ಗೆ ಎಷ್ಟು ಪುಡಿ, ತೆರೆದ ಮೇಲೆ ಎಷ್ಟು ದಿನ ಘಮ ಇರುತ್ತದೆ, 80:20ಕ್ಕೂ ಇದಕ್ಕೂ ರುಚಿಯಲ್ಲಿ ಏನು ವ್ಯತ್ಯಾಸ, ಕೊರಿಯರ್ ಎಷ್ಟು ದಿನ. ಪ್ರತಿಯೊಂದರ ಕೆಳಗೆ ಎರಡು ಮೂರು ವಾಕ್ಯದಲ್ಲಿ ನಿಖರ ಉತ್ತರ.

ಬೆಲೆ ಪಠ್ಯವಾಗಿಯೇ ಇರಬೇಕು. ಪೋಸ್ಟರ್ ಚಿತ್ರದೊಳಗಿನ ದರವನ್ನು ಸರ್ಚ್ ಎಂಜಿನ್ ಪುಟದ ಮಾತಾಗಿ ಓದುತ್ತದೆ ಅಂತ ನಂಬಿ ಕೂರಬೇಡಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗಂತೂ ಅದು ಖಾಲಿ ಜಾಗ. ‘ಬೆಲೆ’ ಅನ್ನುವ ಪದ ಗುರಿಯಾಗಿಟ್ಟು ಪುಟದಲ್ಲಿ ಬೆಲೆ ಇಲ್ಲದಿದ್ದರೆ ಬಂದವರು ಹಾಗೇ ಹಿಂದಕ್ಕೆ ಹೋಗುತ್ತಾರೆ.

ಚಿತ್ರಗಳ ಆಲ್ಟ್ ಪಠ್ಯದಲ್ಲಿ (ಚಿತ್ರ ಕಾಣದವರಿಗಾಗಿ ಕೋಡಿನಲ್ಲಿ ಬರೆಯುವ ವಿವರಣೆ) ಚಿತ್ರದಲ್ಲಿ ಇರುವುದನ್ನೇ ಬರೆಯಿರಿ. ‘500 ಗ್ರಾಂ ಅರೇಬಿಕಾ ಕಾಫಿ ಪುಡಿ ಪೊಟ್ಟಣ’ ಅಂದರೆ ಸರಿ. ಹತ್ತು ಕೀವರ್ಡ್‌ನ ಸಾಲು ಸರಿಯಲ್ಲ. ಬೇರೆ ಪುಟದಿಂದ ಕೊಂಡಿ ಕೊಡುವಾಗ ‘ಇಲ್ಲಿ ಒತ್ತಿ’ ಅನ್ನುವ ಬದಲು ‘ಚಿಕೋರಿ ಇಲ್ಲದ ಅರೇಬಿಕಾ ಪುಡಿ’ ಅಂತಲೇ ಬರೆದು ಅದಕ್ಕೆ ಕೊಂಡಿ ಹಾಕಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ.

ಪುಟದ ಕೋಡಿನಲ್ಲಿ ಕೀವರ್ಡ್ ಪಟ್ಟಿ ಹಾಕುವ ಮೆಟಾ ಕೀವರ್ಡ್ಸ್ ಟ್ಯಾಗ್‌ಗೆ ಸಮಯ ಕೊಡಬೇಡಿ. ಅದನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಅಂತ ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಮೆಟಾ ಡಿಸ್ಕ್ರಿಪ್ಷನ್ ಕೂಡ ಶ್ರೇಯಾಂಕ ಏರಿಸುವುದಿಲ್ಲ, ಆದರೆ ಫಲಿತಾಂಶದಲ್ಲಿ ಕಾಣುವ ಆ ಎರಡು ಸಾಲು ಓದಿಯೇ ಜನ ಕ್ಲಿಕ್ ಮಾಡುವುದು. ಬೆಲೆ, ತೂಕ, ಕೊರಿಯರ್ ಮೂರನ್ನೂ ಅಲ್ಲಿ ಹೇಳಿ.

ಗಿರಿಸಾಲು:

ಬಹಳ ಧನ್ಯವಾದ ಸರ್. ಊರಪಟ್ಟಿ ತೆಗೆದೆ. ಮ್ಯಾನ್ಯುಯಲ್ ಆಕ್ಷನ್ಸ್‌ನಲ್ಲಿ ಏನೂ ಇಲ್ಲ. ‘ಕಾಫಿ ದರ’ದ ವಿಷಯ ನೀವು ಹೇಳಿದ ಹಾಗೇ ಇದೆ, ಫಲಿತಾಂಶ ಪೂರ್ತಿ ಮಾರುಕಟ್ಟೆ ದರ.

ಕನ್ನಡದ ಭಾಗ ಏನು ಮಾಡಲಿ? ‘ಕಾಫಿ ಪುಡಿಯನ್ನು’, ‘ಪುಡಿಗೆ’, ‘ಪುಡಿಯ’ ಅಂತೆಲ್ಲ ಬಂದಾಗ ಕೀವರ್ಡ್ ಮುರಿದು ಹೋಗುವುದಿಲ್ಲವಾ? ಊರಿನ ಹೆಸರಿನ ಸ್ಪೆಲಿಂಗ್ ಕೂಡ ಎರಡು ಮೂರು ಬಗೆ ಇದೆ.

ಲಿಪಿಕಾರ (ಅರಸೀಕೆರೆ) ಉತ್ತರ:

ಕನ್ನಡದ ಭಾಗ ನಾನು ಹೇಳುತ್ತೇನೆ, ಯಾಕೆಂದರೆ ನಿಮ್ಮ ಪುಟದಲ್ಲಿ ಇರುವುದು ಸರ್ಚ್ ಎಂಜಿನ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ನುಡಿ, ಬರಹದ ಹಳೆಯ ಆನ್ಸಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ, ಅಷ್ಟೆ. ಗೂಗಲ್ ಫಾಂಟ್ ನೋಡುವುದಿಲ್ಲ, ಒಳಗಿನ ಸಂಕೇತ ಓದುತ್ತದೆ. ಅಲ್ಲಿ ‘ಕಾಫಿ’ ಅನ್ನುವ ಪದವೇ ಇಲ್ಲ.

ಪರೀಕ್ಷೆ ಸುಲಭ. ಪುಟದ ಒಂದು ಸಾಲನ್ನು ಕಾಪಿ ಮಾಡಿ ಗೂಗಲ್ ಹುಡುಕುವ ಪೆಟ್ಟಿಗೆಗೆ ಅಂಟಿಸಿ. ಕನ್ನಡ ಬಂದರೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ), ಅರ್ಥವಿಲ್ಲದ ಅಕ್ಷರ ಬಂದರೆ ಆನ್ಸಿ. ನಿಮ್ಮದು ಎರಡನೆಯದೇ ಆಗಿರುತ್ತದೆ.

ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿ ತಂತ್ರಾಂಶದಲ್ಲೂ ಸೌಲಭ್ಯ ಇದೆ. ಆದರೆ ಪರಿವರ್ತಿಸಿದ್ದನ್ನು ಹಾಗೇ ಹಾಕಬೇಡಿ. ಅರ್ಕಾವತ್ತು ಇರುವ ಕಡೆ ಜಾಗ ಪಲ್ಲಟ ಆಗಿರುತ್ತದೆ, ಕೆಲವು ಒತ್ತಕ್ಷರ ಬಿಟ್ಟು ಹೋಗಿರುತ್ತವೆ, ಇಂಗ್ಲಿಷ್‌ನಲ್ಲಿದ್ದ ಪದ, ಫೋನ್ ನಂಬರ್, ಬ್ರ್ಯಾಕೆಟ್ ಕೆಟ್ಟಿರುತ್ತವೆ. ಒಂದು ಸಲ ಪೂರ್ತಿ ಓದಿ. 600 ಪದ ತಾನೆ, ಹೊಸದಾಗಿ ಟೈಪ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಟೈಪ್ ಮಾಡುವಾಗ ಒಂದು ತಪ್ಪು ನಮ್ಮಲ್ಲಿ ಪದೇ ಪದೇ ಆಗುತ್ತದೆ. ಅನುಸ್ವಾರದ ಸೊನ್ನೆ ಬೇರೆ, ಕನ್ನಡ ಅಂಕಿಯ ಸೊನ್ನೆ ಬೇರೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಸಂಕೇತ ಬೇರೆ. ‘ಗ್ರಾಂ’ ಬರೆಯುವಾಗ ಅಂಕಿಯ ಸೊನ್ನೆ ಬಿದ್ದರೆ ಅದು ಬೇರೆಯದೇ ಪದ. ಕಂಡುಹಿಡಿಯಲು ಎಡಿಟರ್‌ನಲ್ಲಿ ಕಂಟ್ರೋಲ್-ಎಫ್ ಒತ್ತಿ ಅಂಕಿಯ ಸೊನ್ನೆಯನ್ನು ಹುಡುಕಿ, ಪದದ ಒಳಗೆ ಸಿಕ್ಕಿದ್ದನ್ನೆಲ್ಲ ಬದಲಿಸಿ.

ವಿಭಕ್ತಿ ಪ್ರತ್ಯಯಕ್ಕೆ ಹೆದರಬೇಡಿ. ಕನ್ನಡ ವಾಕ್ಯ ನಿಲ್ಲುವುದೇ ಪ್ರತ್ಯಯದ ಮೇಲೆ. ಕೀವರ್ಡ್ ಕೆಡುತ್ತದೆ ಅಂತ ‘ಕಾಫಿ ಪುಡಿ ಖರೀದಿ ಮಾಡಿ, ಕಾಫಿ ಪುಡಿ ಬೆಲೆ ತಿಳಿಯಿರಿ’ ಅಂತ ಪ್ರತ್ಯಯ ಕಿತ್ತುಹಾಕಿ ಬರೆದರೆ ಓದಲು ಆಗುವುದಿಲ್ಲ. ಉಪಾಯ ಇಷ್ಟು: ಪ್ರತ್ಯಯವಿಲ್ಲದ ಮೂಲ ರೂಪ ಸಹಜವಾಗಿ ನಿಲ್ಲುವ ಜಾಗಗಳು ಟೈಟಲ್, ಎಚ್1, ಉಪಶೀರ್ಷಿಕೆ, ದರಪಟ್ಟಿಯ ಮೊದಲ ಕಾಲಂ ಮತ್ತು ಆಲ್ಟ್ ಪಠ್ಯ. ಅಲ್ಲೆಲ್ಲ ‘ಕಾಫಿ ಪುಡಿ’ ಅಂತ ಇರಲಿ. ಪ್ಯಾರಾಗಳಲ್ಲಿ ಪುಡಿಯನ್ನು, ಪುಡಿಗೆ, ಪುಡಿಯಲ್ಲಿ ಅಂತ ಧಾರಾಳವಾಗಿ ಬರೆಯಿರಿ. ಸಂಧಿ ಸಮಾಸ ಮಾಡುವ ಕಡೆ ಮಾತ್ರ ಎಚ್ಚರ ಬೇಕು. ‘ಕಾಫಿಪುಡಿ’ ಅಂತ ಕೂಡಿಸಿ ಬರೆಯುವುದೂ ‘ಕಾಫಿ ಪುಡಿ’ ಅಂತ ಬಿಡಿಸಿ ಬರೆಯುವುದೂ ಎರಡೂ ರೂಢಿಯಲ್ಲಿವೆ. ಶೀರ್ಷಿಕೆಗಳಲ್ಲಿ ಬಿಡಿಸಿ ಬರೆಯಿರಿ, ಹೆಚ್ಚಿನವರು ಟೈಪ್ ಮಾಡುವುದು ಹಾಗೇ.

ಕರಾವಳಿಯ ಕಡೆ ಪುಡಿಗೆ ‘ಹುಡಿ’ ಅನ್ನುತ್ತಾರೆ. ಮಂಗಳೂರು, ಉಡುಪಿಗೆ ನೀವು ಕೊರಿಯರ್ ಮಾಡುವುದಾದರೆ ಕೊರಿಯರ್ ಬಗ್ಗೆ ಬರೆಯುವ ಪ್ಯಾರಾದಲ್ಲಿ ಒಂದು ಸಲ ‘ಕಾಫಿ ಹುಡಿ’ ಅನ್ನುವುದು ಸಹಜವಾಗಿಯೇ ಬರುತ್ತದೆ.

ಊರ ಹೆಸರಿನ ಬಗ್ಗೆ: 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತ ರೂಪ ‘ಚಿಕ್ಕಮಗಳೂರು’. ಆದರೂ ಹಳೆಯ ‘ಚಿಕ್‌ಮಗಳೂರ್’ ಸ್ಪೆಲಿಂಗ್‌ನಲ್ಲಿ ಹುಡುಕುವವರು ಬೇಕಾದಷ್ಟು ಇದ್ದಾರೆ. ಗೂಗಲ್‌ಗೆ ಎರಡೂ ಒಂದೇ ಊರು ಅಂತ ಗೊತ್ತು, ಹಾಗಾಗಿ ಎರಡನ್ನೂ ಪ್ರತಿ ವಾಕ್ಯದಲ್ಲಿ ಹಾಕುವ ಅಗತ್ಯ ಇಲ್ಲ. ಇಂಗ್ಲಿಷ್ ಪುಟದ ಟೈಟಲ್‌ನಲ್ಲಿ ಒಂದು ರೂಪ, ವಿಳಾಸ ಅಥವಾ ಪರಿಚಯದ ಕಡೆ ಒಮ್ಮೆ ಇನ್ನೊಂದು ರೂಪ ಸಾಕು. ಸಕಲೇಶಪುರ, ಸಕ್ಲೇಶಪುರ ಇವಕ್ಕೂ ಇದೇ ಮಾತು.

ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಪುಟದಲ್ಲಿ ಪ್ಯಾರಾ ಬಿಟ್ಟು ಪ್ಯಾರಾ ಹಾಕಬೇಡಿ. ಪುಟದ ಭಾಷೆ ಯಾವುದು ಅಂತ ಗೂಗಲ್ ತೀರ್ಮಾನಿಸುವುದು ಕಾಣುವ ಪಠ್ಯ ನೋಡಿಯೇ. ಬೇರೆ ಬೇರೆ ಪುಟ ಮಾಡಿ, ಒಂದೇ ಪುಟದ ಎರಡು ಭಾಷೆಯ ರೂಪ ಇವು ಅಂತ ಗೂಗಲ್‌ಗೆ ಹೇಳಲು ಎರಡನ್ನೂ ಎಚ್‌ರೆಫ್‌ಲ್ಯಾಂಗ್ ಟ್ಯಾಗ್‌ನಿಂದ ಜೋಡಿಸಿ. ಕನ್ನಡ ಪುಟದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಎರಡೂ ಕಡೆಯಿಂದ ಟ್ಯಾಗ್ ಇರಬೇಕು. ಒಂದೇ ಕಡೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಯುಆರ್‌ಎಲ್ (ಪುಟದ ವಿಳಾಸ) ಮಾತ್ರ ರೋಮನ್ ಅಕ್ಷರದಲ್ಲೇ ಇಡಿ ಅಂತ ನನ್ನ ಸಲಹೆ. ಕನ್ನಡದ ಯುಆರ್‌ಎಲ್ ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ ಆಗುತ್ತದೆ. ‘ಕಾಫಿ’ಯಲ್ಲಿ ನಾಲ್ಕು ಸಂಕೇತ ಇವೆ, ಅಂದರೆ ಕಾಪಿ ಮಾಡಿದಾಗ 36 ಅಕ್ಷರ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕೊಂಡಿ ನಾಲ್ಕು ಸಾಲು ಆಗಿ ಕೂರುತ್ತದೆ, ಜನ ಒತ್ತಲು ಹಿಂಜರಿಯುತ್ತಾರೆ.

ಘಟ್ಟದ ದಾರಿ (ಸಕಲೇಶಪುರ):

ಯುಆರ್‌ಎಲ್ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಕನ್ನಡ ಪುಟಕ್ಕೆ ಇಷ್ಟು ಶ್ರಮ ಹಾಕುವುದರಿಂದ ಏನು ಲಾಭ? ಕೊಳ್ಳುವವರು ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್‌ನಲ್ಲೇ ಟೈಪ್ ಮಾಡುತ್ತಾರೆ. ಮೊದಲು ಇಂಗ್ಲಿಷ್ ಪುಟ ಗಟ್ಟಿ ಮಾಡಲಿ, ಕನ್ನಡ ಆಮೇಲೆ ನೋಡಿಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ.

ಲಿಪಿಕಾರ:

ಕೊಳ್ಳುವ ಪುಟಕ್ಕೆ ಇಂಗ್ಲಿಷ್ ಮೊದಲು ಅನ್ನುವುದು ಸರಿ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊಹೆಯ ಮೇಲೆ ಬಿಡುವುದು ಬೇಡ. ಗೂಗಲ್ ಟ್ರೆಂಡ್ಸ್‌ನಲ್ಲಿ ಜಾಗಕ್ಕೆ ಕರ್ನಾಟಕ, ಅವಧಿಗೆ 12 ತಿಂಗಳು ಇಟ್ಟು ಕನ್ನಡ ಲಿಪಿಯ ಪದ, ರೋಮನ್‌ನಲ್ಲಿ ಬರೆದ ಅದೇ ಕನ್ನಡ ಪದ, ಇಂಗ್ಲಿಷ್ ಪದ ಮೂರನ್ನೂ ಒಟ್ಟಿಗೆ ಹೋಲಿಸಿ. ಅಲ್ಲಿ ಕಾಣುವುದು ಹುಡುಕಾಟದ ಸಂಖ್ಯೆ ಅಲ್ಲ, 0ರಿಂದ 100ರ ಒಳಗಿನ ಸಾಪೇಕ್ಷ ಪ್ರಮಾಣ ಅನ್ನುವುದು ನೆನಪಿರಲಿ.

ಇನ್ನೊಂದು ಮಾತು. ಮೊಬೈಲ್‌ಗೆ ಮಾತನಾಡಿ ಹುಡುಕುವವರ ಮಾತು ಕನ್ನಡ ಲಿಪಿಯಲ್ಲೇ ಹೋಗುತ್ತದೆ, ಅದೂ ಪೂರ್ತಿ ವಾಕ್ಯವಾಗಿ: ‘ಫಿಲ್ಟರ್ ಕಾಫಿ ಮಾಡೋದು ಹೇಗೆ’, ‘ಚಿಕೋರಿ ಅಂದ್ರೆ ಏನು’. ಇಂಥ ಪ್ರಶ್ನೆಗಳಿಗೆ ಕನ್ನಡದಲ್ಲಿ ನೆಟ್ಟಗೆ ಬರೆದ ಪುಟಗಳು ಕಡಿಮೆ, ಹಾಗಾಗಿ ಸಣ್ಣ ತಾಣಕ್ಕೂ ಮೇಲೆ ಬರಲು ಜಾಗ ಇದೆ. ಪದಶೋಧ ಹೇಳಿದ ಆ ಐದನೆಯ ಪುಟ, ವಿವರಣೆಯ ಪುಟ, ಅದನ್ನು ಕನ್ನಡದಲ್ಲೇ ಮೊದಲು ಬರೆಯಿರಿ.

ಪದಶೋಧ:

ಆ ಪುಟದಲ್ಲಿ ಏನಿರಬೇಕು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಕೀವರ್ಡ್ ಇದ್ದೂ ವಿಷಯ ಇಲ್ಲದ ಪುಟ ಎಷ್ಟು ದಿನ ಕಾದರೂ ಮೇಲೆ ಬರುವುದಿಲ್ಲ. ಅರೇಬಿಕಾ, ರೊಬಸ್ಟಾ ವ್ಯತ್ಯಾಸ ಬರೆಯಿರಿ: ರೊಬಸ್ಟಾದಲ್ಲಿ ಕೆಫೀನ್ ಹೆಚ್ಚು, ಕಹಿ ಮುಂದು, ಅರೇಬಿಕಾದಲ್ಲಿ ಹುಳಿಯ ಎಳೆ ಮತ್ತು ಪರಿಮಳ. ಪೀಬೆರಿ ಅಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಆಗಿರುವುದು, ಬೇರೆ ತಳಿಯಲ್ಲ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಅದರಲ್ಲಿ ಕೆಫೀನ್ ಇಲ್ಲ, ಡಿಕಾಕ್ಷನ್‌ಗೆ ಬಣ್ಣ ಮತ್ತು ಮಂದ ಕೊಡುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಅನ್ನುವುದು ಆಹಾರ ಸುರಕ್ಷತಾ ನಿಯಮ, ಪೊಟ್ಟಣದ ಮೇಲೆ ಪ್ರಮಾಣವನ್ನೂ ಬರೆಯಬೇಕು. ನಿಮ್ಮ 60:40 ಈ ಮಿತಿಯೊಳಗಿದೆ ಅಂತ ಸ್ಪಷ್ಟವಾಗಿ ಹೇಳಿ. ಇಷ್ಟು ಬರೆದರೆ ಚಿಕೋರಿ, ಪೀಬೆರಿ, ಡಿಕಾಕ್ಷನ್, ಮಿಶ್ರಣ ಎಲ್ಲ ಪದಗಳೂ ಅವುಗಳ ಅರ್ಥದ ಜೊತೆಯಲ್ಲೇ ಬಂದಿರುತ್ತವೆ.

ಒಂದು ಎಚ್ಚರಿಕೆ. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡೂ 2019ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ) ಪಡೆದ, ಅಂದರೆ ಆ ಪ್ರದೇಶದ ಬೆಳೆಗೆ ಮಾತ್ರ ಬಳಸಬಹುದಾದ ಹೆಸರುಗಳು. ಚೆನ್ನಾಗಿ ಹುಡುಕುವ ಪದ ಅಂತ ಬೇರೆ ಜಿಲ್ಲೆಯ ಬೀಜಕ್ಕೆ, ಅಥವಾ ರೊಬಸ್ಟಾ ಬೆರೆತ ಪುಡಿಗೆ ಆ ಹೆಸರು ಹಾಕಿದರೆ ಅದು ಸರ್ಚ್ ಎಂಜಿನ್ ವಿಷಯ ಅಲ್ಲ, ಕಾನೂನಿನ ವಿಷಯ. ಅಂಗಡಿಯವರನ್ನು ಬೀಜದ ಮೂಲ ಕೇಳಿಕೊಂಡೇ ಬರೆಯಿರಿ. ‘ಚಿಕ್ಕಮಗಳೂರಿನಲ್ಲಿ ಹುರಿದ ಕಾಫಿ’ ಅನ್ನುವುದು ನಿಮ್ಮ ಮಟ್ಟಿಗೆ ನಿಜವಾದ ಮಾತು, ಅದನ್ನು ಧೈರ್ಯವಾಗಿ ಬಳಸಬಹುದು.

ಹೇಮಾವತಿ (ಹಾಸನ) ಉತ್ತರ:

ಊರುಗಳ ವಿಷಯ ಅರ್ಧಕ್ಕೆ ನಿಂತಿದೆ. ಪಟ್ಟಿ ತೆಗೆದ ಮೇಲೆ ಕೆಲವರು ಮಾಡುವ ಮುಂದಿನ ಕೆಲಸ ಅಂದರೆ ಒಂದೊಂದು ಊರಿಗೆ ಒಂದೊಂದು ಪುಟ. ‘ಹಾಸನದಲ್ಲಿ ಕಾಫಿ ಪುಡಿ’, ‘ಬೇಲೂರಿನಲ್ಲಿ ಕಾಫಿ ಪುಡಿ’ ಅಂತ ಊರ ಹೆಸರು ಬದಲಿಸಿ ಅದೇ ಪಠ್ಯ ಅಂಟಿಸುವುದು. ಇವನ್ನು ಡೋರ್‌ವೇ ಪುಟ ಅನ್ನುತ್ತಾರೆ, ಇದೂ ಸ್ಪ್ಯಾಮ್ ನೀತಿಯ ಪಟ್ಟಿಯಲ್ಲೇ ಇದೆ. ಹಾಸನದಲ್ಲಿ ನಿಜವಾಗಿ ಮಳಿಗೆ ಇದ್ದು, ಅದರ ವಿಳಾಸ, ಸಮಯ, ಅಲ್ಲಿ ಸಿಗುವ ಬಗೆ ಬೇರೆಯಿದ್ದರೆ ಮಾತ್ರ ಬೇರೆ ಪುಟ ಮಾಡಿ. ಇಲ್ಲವಾದರೆ ‘ಎಲ್ಲೆಲ್ಲಿಗೆ ಕಳಿಸುತ್ತೇವೆ’ ಅನ್ನುವ ಒಂದೇ ಪುಟದಲ್ಲಿ ಊರು, ಬಸ್ ಪಾರ್ಸೆಲ್ ಅಥವಾ ಕೊರಿಯರ್, ತಲುಪುವ ದಿನ, ವೆಚ್ಚ ಇರುವ ಕೋಷ್ಟಕ ಹಾಕಿ. ಆಗ ಅದೇ ಊರುಗಳು ಓದುವವರಿಗೂ ಉಪಯೋಗಕ್ಕೆ ಬಂದವು.

ಹತ್ತಿರದ ಗಿರಾಕಿ ಮ್ಯಾಪ್‌ನಿಂದ ಬರುತ್ತಾರೆ. ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯ ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ ಇರಲಿ. ಹೆಸರಿಗೆ ‘ಬೆಸ್ಟ್ ಕಾಫಿ ಪುಡಿ ಚಿಕ್ಕಮಗಳೂರು’ ಅಂತ ಬಾಲ ಸೇರಿಸುವುದು ಅವರ ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು. ಮ್ಯಾಪ್ ಫಲಿತಾಂಶ ನಿಲ್ಲುವುದು ಹುಡುಕಾಟಕ್ಕೆ ಹೊಂದಿಕೆ, ದೂರ, ಹೆಸರುವಾಸಿ ಈ ಮೂರರ ಮೇಲೆ. ನಿಮ್ಮ ಕೈಲಿರುವುದು ಮೊದಲನೆಯದು ಮತ್ತು ಸ್ವಲ್ಪ ಮಟ್ಟಿಗೆ ಮೂರನೆಯದು. ಮುಖ್ಯ ವರ್ಗವನ್ನು ಸರಿಯಾಗಿ ಆರಿಸಿ. ಕೂತು ಕಾಫಿ ಕುಡಿಯುವ ಜಾಗ ಇಲ್ಲದಿದ್ದರೆ ಕೆಫೆ ಅಂತ ಹಾಕಬೇಡಿ, ಹಾಕಿದರೆ ಮುಳ್ಳಯ್ಯನಗಿರಿಯಿಂದ ಇಳಿದು ಬಂದ ಪ್ರವಾಸಿಗರು ಕಾಫಿ ಕೇಳಿಕೊಂಡು ಬಂದು, ಸಿಗದೆ ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಉತ್ಪನ್ನಗಳ ವಿಭಾಗದಲ್ಲಿ ನಾಲ್ಕೂ ಬಗೆಯನ್ನು ತೂಕ, ಬೆಲೆ ಸಮೇತ ಸೇರಿಸಿ. ವಿಮರ್ಶೆಗೆ ಉತ್ತರ ಬರೆಯುವಾಗ ಕೀವರ್ಡ್ ತುರುಕಬೇಡಿ, ಕೇಳಿದ್ದಕ್ಕೆ ಉತ್ತರ ಕೊಡಿ ಸಾಕು.

ಗಿರಿಸಾಲು:

ತುಂಬಾ ಉಪಕಾರ ಆಯಿತು. ಕೊನೆಯದಾಗಿ ಎರಡು ಪ್ರಶ್ನೆ. ಇಷ್ಟೆಲ್ಲ ಬದಲಿಸಿದ ಮೇಲೆ ಕೆಲಸ ಆಗುತ್ತಿದೆಯಾ ಇಲ್ಲವಾ ಅಂತ ಯಾವುದರಿಂದ ತಿಳಿಯುವುದು? ಹಳೆಯ ‘ನಮ್ಮ ಕಾಫಿ’ ಪುಟ ಅಳಿಸಿಬಿಡಲಾ?

ಪದಶೋಧ:

ಅಳತೆಗೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ. ಅಲ್ಲಿ 16 ತಿಂಗಳ ಮಾಹಿತಿ ಇರುತ್ತದೆ. ಕ್ಲಿಕ್, ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು), ಸಿಟಿಆರ್ (ಕಂಡದ್ದರಲ್ಲಿ ಕ್ಲಿಕ್ ಆದ ಶೇಕಡಾವಾರು), ಸರಾಸರಿ ಸ್ಥಾನ ನಾಲ್ಕನ್ನೂ ಆನ್ ಮಾಡಿ. ಬದಲಾವಣೆ ಮಾಡಿದ ದಿನಾಂಕವನ್ನು ಶೀಟಿನಲ್ಲಿ ಬರೆದಿಡಿ. ಹೊಸ ಪುಟದ ವಿಳಾಸವನ್ನು ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಒಂದು ಸಲ ಸಾಕು, ದಿನಾ ಒತ್ತಿದರೆ ಬೇಗ ಆಗುವುದಿಲ್ಲ. ಆಮೇಲೆ ಕೆಲವು ವಾರ ಕೈಕಟ್ಟಿ ಕೂರಬೇಕು. ಎರಡು ದಿನಕ್ಕೊಮ್ಮೆ ಟೈಟಲ್ ಬದಲಿಸುತ್ತಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ನಂತರ ಮೂರು ಬಗೆಯ ಸಾಲು ಹುಡುಕಿ. ಇಂಪ್ರೆಷನ್ ಜಾಸ್ತಿ, ಸ್ಥಾನ 8ರಿಂದ 20ರ ಒಳಗೆ ಇರುವ ಪದಗಳು ಅಂದರೆ ಗೂಗಲ್ ನಿಮ್ಮನ್ನು ಆ ಪ್ರಶ್ನೆಗೆ ಪರಿಗಣಿಸುತ್ತಿದೆ, ಉತ್ತರ ಪೂರ್ತಿಯಾಗಿಲ್ಲ. ಆ ಪದ ಪುಟದಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಅದಕ್ಕೊಂದು ಉಪಶೀರ್ಷಿಕೆ ಮತ್ತು ಪ್ಯಾರಾ ಸೇರಿಸಿ. ಸ್ಥಾನ ಚೆನ್ನಾಗಿದ್ದು ಸಿಟಿಆರ್ ಕಡಿಮೆ ಇದ್ದರೆ ಟೈಟಲ್ ಮತ್ತು ಡಿಸ್ಕ್ರಿಪ್ಷನ್ ತಿದ್ದಿ. ಒಂದೇ ಪದಕ್ಕೆ ನಿಮ್ಮದೇ ಎರಡು ಪುಟ ಬದಲಿಸಿ ಬದಲಿಸಿ ಬರುತ್ತಿದ್ದರೆ, ಆ ಪದದ ಮೇಲೆ ಕ್ಲಿಕ್ ಮಾಡಿ ‘ಪೇಜಸ್’ ಟ್ಯಾಬ್ ತೆರೆದರೆ ಅದು ಕಾಣುತ್ತದೆ. ಎರಡರ ವಿಷಯವನ್ನು ಒಂದಕ್ಕೆ ಸೇರಿಸಿ. ಫಿಲ್ಟರ್‌ನಲ್ಲಿ ರೆಜೆಕ್ಸ್ ಆಯ್ಕೆ ಇದೆ, ಲಂಬ ಗೆರೆ ಹಾಕಿ ‘ಚಿಕೋರಿ|ಚಿಕರಿ’ ಅಂತ ಕೊಟ್ಟರೆ ಎರಡೂ ಸ್ಪೆಲಿಂಗ್ ಒಟ್ಟಿಗೆ ಸಿಗುತ್ತವೆ. ಪದಗಳ ಸಾಲಿನ ಕ್ಲಿಕ್ ಕೂಡಿಸಿದರೆ ಒಟ್ಟು ಕ್ಲಿಕ್‌ಗೆ ಸಮ ಬರುವುದಿಲ್ಲ. ಬಹಳ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನಕ್ಕಾಗಿ ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ, ಅದು ನಿಮ್ಮ ತಾಣದ ದೋಷ ಅಲ್ಲ.

‘ನಮ್ಮ ಕಾಫಿ’ ಪುಟ ಅಳಿಸಬೇಡಿ. ಆ ವಿಳಾಸಕ್ಕೆ ಹಳೆಯ ಕೊಂಡಿಗಳು ಇರುತ್ತವೆ. ಅದನ್ನೇ ನಾಲ್ಕು ಬಗೆಯ ಪಟ್ಟಿಯ ಪುಟ ಮಾಡಿ: ಪ್ರತಿಯೊಂದಕ್ಕೂ ಎರಡು ಸಾಲು, ಬೆಲೆ, ಆಯಾ ಪುಟಕ್ಕೆ ಕೊಂಡಿ. ವಿಳಾಸ ಬದಲಿಸಲೇಬೇಕು ಅಂತಿದ್ದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸ ತೆರೆದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿ, ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಹಳೆಯ ಪುಟವನ್ನು ಮುಖಪುಟಕ್ಕೆ ರೀಡೈರೆಕ್ಟ್ ಮಾಡುವುದು ಬೇಡ. ವಿಷಯ ಹೊಂದದಿದ್ದರೆ ಗೂಗಲ್ ಅದನ್ನು ಪುಟವೇ ಇಲ್ಲ ಅನ್ನುವ ಲೆಕ್ಕಕ್ಕೆ, ಸಾಫ್ಟ್ 404ಕ್ಕೆ ಸೇರಿಸುತ್ತದೆ.

ಲಿಪಿಕಾರ:

ರೀಡೈರೆಕ್ಟ್ ಹಾಕಿದರೆ ಎಚ್‌ರೆಫ್‌ಲ್ಯಾಂಗ್ ಟ್ಯಾಗ್‌ನಲ್ಲೂ ಹೊಸ ವಿಳಾಸವನ್ನೇ ಬರೆಯಿರಿ, ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಲ್ಲೂ ಬದಲಿಸಿ. ಪರಿವರ್ತಿಸಿದ ಕನ್ನಡ ಪಠ್ಯ ಬೇಕಾದರೆ ಇಲ್ಲಿ ಹಾಕಿ, ಅರ್ಕಾವತ್ತು, ಸೊನ್ನೆಗಳನ್ನು ನೋಡಿ ತಿದ್ದಿಕೊಡುತ್ತೇನೆ.